ಮಾಳವ್ವನ ಕೈಯ ಖಾರ

ನಮ್ಮ ಚಾಳಿನ ಹುಡುಗರಿಗೆ ದೆವ್ವದ ಹೆದರಿಕೆ ಇರಲಿಲ್ಲ, ಮಾಳವ್ವನ ಕೈಯ ಹೆದರಿಕೆ ಇತ್ತು. ಮೂಗು ಸೋರುತ್ತಿದ್ದ ಹುಡುಗನನ್ನು ಕಂಡು ಆಕೆ "ಬಾ ಇಲ್ಲೆ, ಒರಸ್ತೇನಿ" ಎಂದರೆ ಸಾಕು, ಅವನು ಓಣಿಯ ಆ ತುದಿಗೆ ಪರಾರಿ. ಆಕೆ ಹುಬ್ಬಳ್ಳಿಯ ಮೆಣಸಿನಕಾಯಿ ದಾಸ್ತಾನಿನ ವಖಾರದಲ್ಲಿ ತೊಟ್ಟು ಮುರಿಯುವ ಕೆಲಸದವಳು. ಬೆಳಗಿನಿಂದ ಸಂಜೆತನಕ ಒಣಮೆಣಸಿನಕಾಯಿಯ ರಾಶಿಯ ಮುಂದೆ ಕೂತು ಕೂತು ಅಂಗೈಗೆ ಇಟ್ಟಂಗಿಯ ಬಣ್ಣ ಬಂದಿತ್ತು. ಸೋಪು, ಒಲೆಯ ಬೂದಿ, ಕೊಬ್ಬರಿ ಎಣ್ಣೆ, ಏನು ಹಚ್ಚಿ ತಿಕ್ಕಿದರೂ ಆ ಖಾರ ಪೂರ್ತಿ ಹೋಗುತ್ತಿರಲಿಲ್ಲ.

ಆದರೆ ಆಕೆಗೆ ಕೈ ಉರಿಯುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಕುತೂಹಲ ತಡೆಯದೆ ಒಮ್ಮೆ ಕೇಳಿದೆ.

"ಮೊದಮೊದಲ ಅಳತಿದ್ನಿರಿ ಅಕ್ಕೋರ. ರಾತ್ರಿ ಕೈ ನೀರಾಗ ಇಟ್ಕೊಂಡ ಮಲಗತಿದ್ನಿ. ಆಮ್ಯಾಲೆ ಯಾವಾಗೋ ಕೈ ತಾನ ಸುಮ್ಮನಾತು."

ತೊಟ್ಟು ಮುರಿಯುವ ಹೆಂಗಸರಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಏನೇ ಆಗಲಿ ಕೈ ಕಣ್ಣಿನ ಹತ್ತಿರ ಹೋಗಕೂಡದು. ಬೆವರು ಬಂದರೆ ತೋಳಿನಿಂದ ಒರೆಸಬೇಕು, ಅಳು ಬಂದರೆ ಸೆರಗಿನ ಒಳಬದಿಯಿಂದ. ಹೊಸದಾಗಿ ಕೆಲಸಕ್ಕೆ ಬಂದವಳು ಮರೆತು ಕೈ ಎತ್ತಿದರೆ ಮಾಳವ್ವ ಮಣಿಕಟ್ಟಿಗೆ ಫಟ್ಟನೆ ಒಂದು ಹಾಕುತ್ತಿದ್ದಳು. ಆಕೆಯ ತಾಯಿ ಸತ್ತ ದಿನವೂ ನಾನು ನೋಡಿದ್ದೇನೆ, ಆಕೆ ಕಣ್ಣು ಒರೆಸಿಕೊಂಡಿದ್ದು ತೋಳಿನಿಂದಲೇ.

ಮಾಳವ್ವ ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ನಮ್ಮ ಚಾಳಿಗೆ ಬಂದವಳು. ಗಂಡ ಗಿರಿಯಪ್ಪ ಅಮ್ಮಿನಬಾವಿಯವನು, ತಾರಿಹಾಳದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ ನಡೆಸುತ್ತಿದ್ದ. ಮಾತು ಕಡಿಮೆ, ದನಿ ಮಾತ್ರ ದೇವರು ಕೊಟ್ಟಿದ್ದು. ಊರಿನ ಭಜನಿ ಮೇಳದಲ್ಲಿ ಅವನು ಪದ ಎತ್ತಿದರೆ ತಾಳ ಹಾಕುವವರು ತಾಳ ಮರೆಯುತ್ತಿದ್ದರಂತೆ. ಆ ದನಿ ಕೇಳಿಯೇ ಮಾಳವ್ವನ ಅಪ್ಪ ಹೆಣ್ಣು ಕೊಟ್ಟಿದ್ದು.

ಆ ಮೇಳದಲ್ಲಿ ಒಂದು ಪದ್ಧತಿ ಇತ್ತು. ಅಮಾವಾಸ್ಯೆಯ ಭಜನೆಗೆ ಕೂತಾಗ ಹಿರಿಯನಾದ ಗುರುಶಿದ್ದಪ್ಪಜ್ಜ ಗಾಂಜಾದ ಚಿಲುಮೆ ಹೊತ್ತಿಸುತ್ತಿದ್ದ. ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಸಾಗಬೇಕು, ಪ್ರತಿಯೊಬ್ಬರೂ ಹಣೆಗೆ ಮುಟ್ಟಿಸಿ ಒಂದು ದಮ್ಮು ಎಳೆಯಬೇಕು. ಅವರಿಗೆ ಅದು ಚಟವಲ್ಲ, ಗುರುವಿನ ಪ್ರಸಾದ. ಗಿರಿಯಪ್ಪನಿಗೆ ಮಾತ್ರ ತಿಂಗಳಿಗೊಮ್ಮೆಯ ಪ್ರಸಾದ ಬರಬರುತ್ತ ವಾರಕ್ಕೊಮ್ಮೆ ಆಯಿತು, ಆಮೇಲೆ ದಿನಾ ಸಂಜೆ ಚಾಳಿನ ಹಿತ್ತಲಿಗೇ ಬಂತು. ವರ್ಷಗಟ್ಟಲೆ ನಡೆಯಿತು. ಯಾರಿಗೂ ತೊಂದರೆ ಕೊಡದ ಮನುಷ್ಯ, ಯಾರೂ ಏನೂ ಅನ್ನಲಿಲ್ಲ.

ಎರಡು ಸಾವಿರದ ಐದರ ಹೊತ್ತಿಗೆ ವಾಂತಿ ಶುರುವಾಯಿತು. ಅಮಾವಾಸ್ಯೆ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಹಿಡಿದರೆ ಎರಡು ಮೂರು ದಿನ ಬಿಡುತ್ತಿರಲಿಲ್ಲ. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಕರುಳು ಹಿಂಡಿದ ಹಾಗೆ ಓಕರಿಕೆ. ಆಗ ಅವನಿಗೆ ಬೇಕಾಗುತ್ತಿದ್ದದ್ದು ಒಂದೇ, ಬಿಸಿನೀರು. ಮಾಳವ್ವ ಹಂಡೆಯ ಕೆಳಗೆ ಹತ್ತಿಕಟ್ಟಿಗೆ ಒಟ್ಟುತ್ತಿದ್ದಳು, ಅವನು ಬಚ್ಚಲದಲ್ಲಿ ಕೂತು ಚರ್ಮ ಕೆಂಪಾಗುವ ಹಾಗೆ ಸುರುವಿಕೊಳ್ಳುತ್ತಿದ್ದ.

ಆಕೆಯ ಬಚ್ಚಲಕ್ಕೂ ನನ್ನ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಹೊಗೆಯೆಲ್ಲ ನನ್ನ ಅನ್ನದ ಪಾತ್ರೆಗೆ. ನಾನು ಮೊದಲೇ ಸಿಡುಕಿ.

"ಮಾಳವ್ವಾ, ನಿನ್ನ ಗಂಡ ಮನುಷಾನೋ ಎಮ್ಮಿನೋ? ಮೂರು ಹೊತ್ತೂ ನೀರಾಗ ಬಿದ್ದಿರ್ತಾನಲ್ಲ" ಎಂದು ಗೋಡೆಯಾಚೆಯಿಂದಲೇ ಕೂಗಿದೆ.

"ನೀರ ಹಾಕ್ಕೊಂಡಷ್ಟು ಹೊತ್ತ ನಿಲ್ಲತೈತ್ರಿ ಅಕ್ಕೋರ" ಎಂದಳು ಆಕೆ. "ಹೊರಗ ಬಂದ್ರ ಮತ್ತ ಸುರು."

ನಾನು ಹೊಗೆಯ ಮಾತು ಮತ್ತೆ ಎತ್ತಲಿಲ್ಲ.

ಚಾಳಿನ ತುಂಬ ವೈದ್ಯರೇ. ಉಷ್ಣ ಆಗಿದೆ, ಬಿಸಿನೀರು ಬಿಡಿಸು, ಖಾರ ಬಿಡಿಸು ಎಂದು ಎಲ್ಲರೂ ಹೇಳಿದರು. ಮಾಳವ್ವ ಮಜ್ಜಿಗೆ ಕೊಟ್ಟಳು, ಎಳನೀರು ಕೊಟ್ಟಳು, ಪಲ್ಯಕ್ಕೆ ಮೆಣಸಿನಕಾಯಿ ಹಾಕುವುದನ್ನೇ ನಿಲ್ಲಿಸಿದಳು. ಎಲ್ಲವೂ ಹೊರಗೆ ಬಂತು. ದವಾಖಾನೆಯಲ್ಲಿ ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದರು, ಹುಣ್ಣು ಇಲ್ಲ, ಗಂಟು ಇಲ್ಲ. ಸುದ್ದಿ ತಿಳಿದು ಗುರುಶಿದ್ದಪ್ಪಜ್ಜ ಪಾಪ ಅಮ್ಮಿನಬಾವಿಯಿಂದ ಬಸ್ಸು ಹಿಡಿದು ಬಂದ.

"ಗಿರಿಯಾ, ಇದು ಹೊಟ್ಟಿ ತಂಪ ಮಾಡತೈತಿ, ಹಸಿವು ಹುಟ್ಟಸ್ತೈತಿ. ದಿನಾ ಎರಡ ದಮ್ಮು ಹೆಚ್ಚಿಗಿ ಎಳಿ" ಎಂದು ತಾನೇ ಚಿಲುಮೆ ತುಂಬಿಕೊಟ್ಟ.

ಅಜ್ಜ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅದೇ ದೊಡ್ಡ ಆಪತ್ತು. ಮೇಳದ ಉಳಿದವರಿಗೆ ಹಾಗೇ ಆಗುತ್ತಿತ್ತು. ಗಿರಿಯಪ್ಪ ಮಾತ್ರ ಒಣಗುತ್ತ ಹೋದ. ಅಂಗಿ ಕೋಲಿಗೆ ತೂಗುಹಾಕಿದ ಹಾಗೆ ಕಾಣುತ್ತಿತ್ತು. ಹಾಡಲು ಉಸಿರು ಸಾಲುತ್ತಿರಲಿಲ್ಲ. ಒಂದು ಸಂಜೆ ಮಾಳವ್ವ ನನ್ನ ಹೊಸ್ತಿಲ ಮೇಲೆ ಬಂದು ಕೂತಳು.

"ಹೋಗಿಬಿಡ್ತಾರನ್ರಿ ಅಕ್ಕೋರ ಇವರು?" ಎಂದಳು. "ನನಗ ಹಂಗ ಅನಸಾಕತ್ತೇತಿ. ಕಿಡ್ನಿಗೆ ನೀರ ಸಾಲವಲ್ದು, ಇನ್ನೊಮ್ಮಿ ಹಿಂಗಾದ್ರ ತ್ರಾಸ ಐತಿ ಅಂದಾರ ದವಾಖಾನ್ಯಾಗ."

ನಾನು ಏನಾದರೂ ಧೈರ್ಯ ಹೇಳಬೇಕಿತ್ತು. ಸುಳ್ಳು ಹೇಳಲು ಬರಲಿಲ್ಲ, ಚಹಾ ಕೊಟ್ಟೆ.

ಮರುವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮತ್ತೆ ಹಿಡಿಯಿತು. ಚಾಳಿನಲ್ಲಿ ನೀರು ಬಂದಿರಲಿಲ್ಲ, ಹಂಡೆ ಬರಿದು. ರಜೆಯಲ್ಲಿ ಮನೆಯಲ್ಲಿದ್ದವಳು ನಾನೊಬ್ಬಳೇ. ವಖಾರಕ್ಕೆ ಹೇಳಿಕಳಿಸಿದೆ. ಆಕೆ ದಿನಾ ಮುರಿಯುತ್ತಿದ್ದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಖಾರ ಅಷ್ಟಿಲ್ಲ. ಅವತ್ತು ಆಕೆಯ ಮುಂದೆ ಇದ್ದದ್ದು ಗುಂಟೂರಿನ ಕಡುಖಾರದ ಚೀಲ. ಮಾಳವ್ವ ಕೈ ತೊಳೆಯದೆ ಓಡಿ ಬಂದಳು. ನೆಲದ ಮೇಲೆ ಮುದುಡಿ ಬಿದ್ದಿದ್ದ ಗಂಡನ ಅಂಗಿ ಮೇಲೆತ್ತಿ ಎರಡೂ ಅಂಗೈಗಳಿಂದ ಹೊಟ್ಟೆ ಒತ್ತಿ ಹಿಡಿದಳು.

ಗಿರಿಯಪ್ಪ ಸಣ್ಣಗೆ ನರಳುತ್ತಿದ್ದವನು ಒಮ್ಮೆಲೇ ಚೀರಿದ. ಆಗ ಆಕೆಗೆ ಕೈಯ ನೆನಪಾಯಿತು. ಒದ್ದೆ ಬಟ್ಟೆ ತರಲು ನಾನು ಒಳಗೆ ಓಡಿದೆ. ತಂದು ನೋಡಿದರೆ ಅವನು ಕೈ ಅಡ್ಡ ಹಿಡಿದ.

"ಒರಸಬ್ಯಾಡ್ರಿ" ಎಂದ. "ಹೊಟ್ಟಿ ಮ್ಯಾಲ ಬೆಂಕಿ ಇಟ್ಟಂಗ ಆಗೇತಿ. ಆದ್ರ ಒಳಗ ಸುಮ್ಮನಾಗಾಕತ್ತೇತಿ."

ಓಕರಿಕೆ ನಿಂತಿತು. ಅವನು ಎದ್ದು ಗೋಡೆಗೆ ಒರಗಿ ಕೂತ, ನೀರು ಕುಡಿದ, ಅದು ಒಳಗೇ ಉಳಿಯಿತು. ನಾನು ಹಸಿ ಬಟ್ಟೆ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತಿದ್ದೆ. ಮಾಳವ್ವ ತನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಮರುದಿನ ನಾನೇ ಅವರಿಬ್ಬರನ್ನು ಕರೆದುಕೊಂಡು ದವಾಖಾನೆಗೆ ಹೋದೆ. ಅಲ್ಲಿ ಹೊಸದಾಗಿ ಬಂದಿದ್ದ ಡಾಕ್ಟರ್ ಅಬೀದಾ ಹುಬ್ಬಳ್ಳಿಯ ಹುಡುಗಿಯೇ. ಮಾಳವ್ವ ಬಿಸಿನೀರಿನ ಕಥೆ ಹೇಳುತ್ತಿದ್ದ ಹಾಗೆ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಕಾಕಾ, ಖರೇ ಹೇಳ್ರಿ, ಸಿಟ್ಟಿಲ್ಲ. ಗಾಂಜಾ ಸೇದ್ತೀರೇನ್ರಿ?"

ಗಿರಿಯಪ್ಪ ತಲೆ ತಗ್ಗಿಸಿದ. "ಪ್ರಸಾದರಿ" ಎಂದ.

ಬಹಳ ವರ್ಷ ದಿನಾ ಸೇದಿದ ಕೆಲವರಲ್ಲಿ ಇಂಥದೇ ವಾಂತಿ, ಇಂಥದೇ ಬಿಸಿನೀರಿನ ಹಂಬಲ ಕಂಡಿದ್ದನ್ನು ಎರಡು ವರ್ಷದ ಹಿಂದೆ ಆಸ್ಟ್ರೇಲಿಯಾದ ಡಾಕ್ಟರರು ಬರೆದಿದ್ದಾರೆ, ತಾವೂ ಓದಿದ್ದಷ್ಟೇ, ಕಣ್ಣಾರೆ ನೋಡುತ್ತಿರುವುದು ಇದೇ ಮೊದಲು ಎಂದರು ಅಬೀದಾ. ಮೆಣಸಿನಕಾಯಿಯ ಮಾತು ಬಂದಾಗಲಂತೂ ಕುರ್ಚಿಯಿಂದ ಎದ್ದೇಬಿಟ್ಟರು. ಮಾಳವ್ವನ ಅಂಗೈಗೆ ತಮ್ಮ ಬೆರಳು ತಿಕ್ಕಿ, ಆ ಬೆರಳನ್ನು ತಮ್ಮ ತುಟಿಗೆ ಮುಟ್ಟಿಸಿಕೊಂಡರು. ಕಣ್ಣಲ್ಲಿ ನೀರು ಬಂತು, ಆದರೂ ನಗುತ್ತಿದ್ದರು.

"ನೋಡ್ರಿ, ಇಲ್ಲೆ ಬೆಂಕಿ ಐತೇನ್ರಿ? ಇಲ್ಲ. ಆದ್ರ ನನ್ನ ತುಟಿ ಬೆಂಕಿ ಅಂತ ಹೇಳಾಕತ್ತೇತಿ. ಯಾಕಂದ್ರ ನರಕ್ಕ ಎರಡಕ್ಕೂ ಇರೂದು ಒಂದ ಬಾಗಲಾ."

ಆಮೇಲೆ ಅವರು ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ನಮ್ಮ ನರಗಳ ಹೊರಪೊರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ. ಅಯಾನ್ ಚಾನೆಲ್ ಅನ್ನುವುದು ಇವಕ್ಕೇ. ಬಾಗಿಲು ತೆರೆದರೆ ಉಪ್ಪಿನಲ್ಲಿರುವ ಸೋಡಿಯಂ, ಸುಣ್ಣದಲ್ಲಿರುವ ಕ್ಯಾಲ್ಸಿಯಂ ವಿದ್ಯುತ್ತಿನ ಅಂಶ ಹೊತ್ತು ಒಳಗೆ ನುಗ್ಗುತ್ತವೆ, ನರ ಸುದ್ದಿ ಕಳಿಸುತ್ತದೆ. ಅಂಥ ಒಂದು ಬಾಗಿಲು ಮೈ ಸುಡುವಷ್ಟು ಬಿಸಿ ತಾಗಿದರೆ ತೆರೆಯುತ್ತದೆ, ಮೆಣಸಿನಕಾಯಿಯ ಖಾರ ತಾಗಿದರೂ ತೆರೆಯುತ್ತದೆ. ಇಷ್ಟೇ ಆಗಿದ್ದರೆ ನಾನು ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಆದರೆ ಗಾಂಜಾದ ಜಾತಿಯದೇ ಕೆಲಸ ಮಾಡುವ ಒಂದು ವಸ್ತುವನ್ನು ನಮ್ಮ ಮೈ ತಾನೇ ತಯಾರಿಸುತ್ತದೆ, ನಿಮ್ಮಲ್ಲೂ, ನನ್ನಲ್ಲೂ, ಬೀಡಿ ಮುಟ್ಟದವರಲ್ಲೂ. ಪರದೇಶದ ವಿಜ್ಞಾನಿಗಳು ಅದನ್ನು ಕಂಡುಹಿಡಿದಾಗ ನಮ್ಮ ಆನಂದ ಎಂಬ ಶಬ್ದವನ್ನೇ ತೆಗೆದುಕೊಂಡು ಆನಂದಮೈಡ್ ಎಂದು ಹೆಸರಿಟ್ಟರು. ಆ ವಸ್ತು ಕೂಡ ಇದೇ ಖಾರದ ಬಾಗಿಲನ್ನು ತೆರೆಯಬಲ್ಲದು.

ಇಷ್ಟು ವರ್ಷ ಹಲಗೆಯ ಮೇಲೆ ನರದ ಚಿತ್ರ ಬರೆದವಳು ನಾನು. ಬಿಸಿನೀರು, ಮೆಣಸಿನಕಾಯಿ, ಭಜನೆಯ ಹೊಗೆ, ಮೂರೂ ಒಂದೇ ಹೊಸ್ತಿಲಿಗೆ ಬಂದು ನಿಲ್ಲುತ್ತವೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ದಿನಾ ಹೊರಗಿಂದ ಗಾಂಜಾ ಬಂದ್ರ ಒಳಗಿನ ಈ ವ್ಯವಸ್ಥಾ ಕೆಡತೈತಿ" ಎಂದರು ಅಬೀದಾ. "ಹೊಟ್ಟಿ ಹಿಡತ ತಪ್ಪತೈತಿ. ಬಿಸಿನೀರೋ ಖಾರಾನೋ ಆ ಬಾಗಲಾ ಜೋರಾಗಿ ಬಡದ್ರ ಸ್ವಲ್ಪ ಹೊತ್ತು ಹಿಡತಕ್ಕ ಬರತಿರಬೇಕು. ಇದು ಅಂದಾಜ ಮಾತ್ರರಿ, ಪೂರ್ತಿ ಇನ್ನೂ ಯಾರಿಗೂ ಗೊತ್ತಿಲ್ಲ. ಮತ್ತ ಖಾರ ತಿಕ್ಕಬ್ಯಾಡ್ರಿ, ಚರ್ಮ ಸುಟ್ಟೀತು. ಅದು ಔಷಧ ಅಲ್ಲ. ಔಷಧ ಒಂದ, ಚಿಲುಮಿ ಬಿಡಬೇಕು. ಪೂರ್ತಿ."

"ಹಂಗಾದ್ರ ನನ್ನ ಕೈ ಯಾಕ ಉರಿಯಂಗಿಲ್ಲರಿ?" ಎಂದು ಮಾಳವ್ವ ಕೇಳಿದಳು.

"ನಿಮ್ಮ ಕೈಯಾನ ಬಾಗಲಾ ಬಡಿಸಿಕೊಂಡು ಬಡಿಸಿಕೊಂಡು ದಣದಾವರಿ. ಈಗ ಅವು ಓ ಅನ್ನಂಗಿಲ್ಲ."

ಮಾಳವ್ವ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಗರ್ಭಗುಡಿಯ ಮುಂದೆ ಕೂತವರ ಮುಖದಲ್ಲಿ ಇರುವಂಥದೇನೋ ಆಕೆಯ ಮುಖದಲ್ಲಿತ್ತು. ನನ್ನದರಲ್ಲೂ ಇದ್ದಿರಬೇಕು.

ಗಿರಿಯಪ್ಪ ಸೇದುವುದು ಬಿಟ್ಟ, ಆದರೆ ನಂಬಿ ಬಿಡಲಿಲ್ಲ, ಹೆದರಿ ಬಿಟ್ಟ. ಮೊದಲ ವಾರಗಳಲ್ಲಿ ನಿದ್ದೆ ಇಲ್ಲ, ಊಟ ರುಚಿಸದು, ಎಲ್ಲರ ಮೇಲೂ ರೇಗಾಟ. ಊರಿನ ಭಜನೆಗೂ ಹೋಗಲಿಲ್ಲ. ವಾಂತಿ ಬರಲಿಲ್ಲ. ಮೈ ಸ್ವಲ್ಪ ತುಂಬಿಕೊಂಡಿತು, ತಾರಿಹಾಳಕ್ಕೆ ಹೋಗತೊಡಗಿದ. ಗುಣ ಕಂಡಮೇಲೆ ಹೆದರಿಕೆ ಹೋಯಿತು, ಆಗ ಶುರುವಾಯಿತು ಹೊಸ ರಾಗ. ಅದು ಎಂದೋ ಬಂದಿತ್ತು, ಹೋಯಿತು, ಚಿಲುಮೆಗೂ ಅದಕ್ಕೂ ಏನು ಸಂಬಂಧ ಎನ್ನತೊಡಗಿದ. ಶ್ರಾವಣದ ಅಮಾವಾಸ್ಯೆ ಬಂತು. ಮೇಳದವರು ಕರೆ ಕಳಿಸಿದರು, ಅವನಿಲ್ಲದೆ ಪದ ಏಳುತ್ತಿಲ್ಲವೆಂದು.

ಹೊರಡುವ ಮೊದಲು ಗಂಡಹೆಂಡತಿ ಮಾತಾಡಿದ್ದು ಗೋಡೆಯಾಚೆ ನನಗೆ ಕೇಳಿಸಿತು. ಕದ್ದು ಕೇಳಲಿಲ್ಲ, ಆ ಗೋಡೆ ಅಷ್ಟು ತೆಳು.

"ಚಿಲುಮಿ ಕೈಯಾಗ ಬಂದಾಗ ಸುಮ್ಮನ ಮುಂದ ದಾಟಸಲೇನ?" ಎಂದ ಅವನು. "ಗುರುವಿಗೆ ಬೆನ್ನ ತಿರಿವಿದಂಗ ಆಗೂದಿಲ್ಲೇನ? ಮೇಳದಾಗ ನಾ ಯಾರ ಆಮ್ಯಾಲೆ?"

"ಹಣಿಗೆ ಹಚ್ಚಿ ಮುಂದ ಕೊಡ್ರಿ" ಎಂದಳು ಮಾಳವ್ವ. "ಅಷ್ಟಕ್ಕ ಗುರು ಸಿಟ್ಟಾಗೂದಾದ್ರ ಆ ಸಿಟ್ಟು ನನ್ನ ಮ್ಯಾಲ ಇರಲಿ. ಹೋಗಿ ಹಾಡಿ ಬರ್ರಿ."

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ ಸಪ್ಪಳ ಕೇಳಿತು.

ಮರುದಿನ ಬೆಳಿಗ್ಗೆ ನಾನು ಎದ್ದಾಗಲೇ ಹತ್ತಿಕಟ್ಟಿಗೆಯ ಹೊಗೆ ಬರುತ್ತಿತ್ತು. ಗಡಬಡಿಸಿ ಹಿತ್ತಲಿಗೆ ಹೋಗಿ ನೋಡಿದರೆ ಮಾಳವ್ವ ಹಂಡೆಯ ತುಂಬ ನೀರು ಹೊಯ್ದು ಉರಿ ಹಾಕುತ್ತ ಕೂತಿದ್ದಳು. ಗಿರಿಯಪ್ಪ ಇನ್ನೂ ಬಂದಿರಲಿಲ್ಲ.

"ಬಂದ ಮ್ಯಾಲೆ ಕಾಸಿದ್ರ ತಡಾ ಆಗತೈತ್ರಿ" ಎಂದಳು, ನನ್ನ ಮುಖ ನೋಡದೆ. ಸೇದಿ ಬಂದರೆ ಇನ್ನು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತದೆ ಎಂದು ಇಬ್ಬರಿಗೂ ತಿಳಿದಿತ್ತು. ನಾನೂ ಅಲ್ಲೇ ಕಲ್ಲಿನ ಮೇಲೆ ಕೂತೆ.

ನೀರು ಕುದಿಯುವ ಹೊತ್ತಿಗೆ ಅವನು ಬಂದ. ಕಣ್ಣು ನಿದ್ದೆಗೆಟ್ಟಿದ್ದವು, ಹಾಡಿ ಹಾಡಿ ದನಿ ಒಡೆದಿತ್ತು. ಬಂದವನೇ ಅಂಗಿ ಬಿಚ್ಚಿ ಬಚ್ಚಲಕ್ಕೆ ಹೋದ. ಒಳಗೆ ಸಿಮೆಂಟಿನ ತೊಟ್ಟಿಯ ತಣ್ಣೀರು, ಹೊರಗೆ ಹಂಡೆಯ ಬಿಸಿನೀರು. ಮಾಳವ್ವ ಬಕೆಟ್ಟಿಗೆ ಬಿಸಿನೀರು ತೋಡಲು ಚರಿಗೆ ಎತ್ತಿದಳು.

ಒಳಗಿನಿಂದ ತೊಟ್ಟಿಯ ನೀರು ಧಬಧಬ ಸುರಿದ ಸಪ್ಪಳ ಬಂತು. ಮತ್ತೆ ಬಂತು. ಮತ್ತೆ.

"ಯಾಕ ಮಾಳಿ ಅಷ್ಟ ಉರಿ ಹಾಕೀದಿ?" ಎಂದ ಗಿರಿಯಪ್ಪ ಒಳಗಿನಿಂದ. "ತಣ್ಣೀರ ಸಾಕು. ರೊಟ್ಟಿ ಬಡಿ, ಹಸಿವಾಗೇತಿ. ಚಟ್ನಿ ಖಾರ ಇರಲಿ."

ಮಾಳವ್ವ ಚರಿಗೆ ಕೆಳಗಿಟ್ಟಳು. ಉರಿಯುತ್ತಿದ್ದ ಕಟ್ಟಿಗೆಗಳನ್ನು ಒಂದೊಂದಾಗಿ ಹೊರಗೆಳೆದು ನೀರು ಚಿಮುಕಿಸಿದಳು. ಭುಜ ಅಲುಗಾಡುತ್ತಿತ್ತು. ಆಮೇಲೆ ಎರಡೂ ಕೈಗಳನ್ನೆತ್ತಿ, ಅಂಗೈಗಳಿಂದಲೇ ಕಣ್ಣೊರೆಸಿಕೊಂಡುಬಿಟ್ಟಳು.

ನಾನು ಹಿಡಿಯಲು ಕೈ ಚಾಚುವಷ್ಟರಲ್ಲಿ ಆಗಿಹೋಗಿತ್ತು. ಆಕೆ ಕಣ್ಣು ಮುಚ್ಚಿ ಒದ್ದಾಡಿದಳು. ನಾನು ಬೈಯುತ್ತ ತಣ್ಣೀರು ಎರಚಿದೆ, ಆಕೆ ಅಳುತ್ತ ನಗುತ್ತಿದ್ದಳು.

"ಉರೀತೈತ್ರಿ ಅಕ್ಕೋರ" ಎಂದಳು. "ಕಣ್ಣಾನ ಬಾಗಲಾ ಇನ್ನೂ ಅದಾವ."