ಬಲಕ್ಕೆ ಹೋದ ಸೆರಗು

ಇವತ್ತು ಮಾಡಿದ ಕೆಲಸ: ಬೆಳಿಗ್ಗೆ ನಲ್ಲಿ ಬಂತು, ಎರಡು ಡ್ರಮ್ಮು ತುಂಬಿಸಿದೆ. ಜೋಳದ ಹಿಟ್ಟು ಜರಡಿ ಹಿಡಿದೆ. ಪುಂಡಿಸೊಪ್ಪು ಬಿಡಿಸಿ ತೊಳೆದಿಟ್ಟೆ. ಭಾನುವಾರವಾದ್ದರಿಂದ ಅವರಿಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿದೆ. ಗಡ್ಡ ಅವರೇ ಬೋಳಿಸಿಕೊಂಡರು. ಎಡಗೆನ್ನೆಯಲ್ಲಿ ಬಿಟ್ಟುಹೋದದ್ದನ್ನು ನಾನು ಮಾಡಿದೆ. ನಾಳೆಗೆಂದು ಅವರ ನೀಲಿ ಗೆರೆಯ ಅಂಗಿಯನ್ನು ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದೆ. ಮಧ್ಯಾಹ್ನ ಊಟ ಅರ್ಧ ಆದ ಮೇಲೆ ಅವರ ತಟ್ಟೆಯನ್ನು ತಿರುಗಿಸಿ ಇಟ್ಟೆ.

ಈ ಕೊನೆಯ ಕೆಲಸ ಶುರುವಾಗಿ ಒಂದೂವರೆ ತಿಂಗಳಾಯಿತು. ನನ್ನ ಯಜಮಾನರಿಗೆ ಲಕ್ವ ಹೊಡೆದು ಬಳ್ಳಾರಿಯ ದವಾಖಾನೆಯಲ್ಲಿ ಹತ್ತು ದಿನ ಇದ್ದೆವು. ಕೈಕಾಲು ತಿರುಗಿ ಬಂದವು, ಮಾತು ಬಂತು. ಬರದೆ ಉಳಿದದ್ದು ಎರಡೂ ಕಣ್ಣಿನ ಎಡಭಾಗದ ನೋಟ. ತಟ್ಟೆಯ ಎಡಕ್ಕೆ ಬಡಿಸಿದ ಪಲ್ಯ ಹಾಗೇ ಉಳಿಯುತ್ತದೆ. ಇವತ್ತು ಪಲ್ಯ ಮಾಡಿಲ್ಲೇನು ಎಂದು ಕೇಳುತ್ತಾರೆ. ನಾನು ತಟ್ಟೆ ತಿರುಗಿಸುತ್ತೇನೆ, ಪಲ್ಯ ಬರುತ್ತದೆ.

ನೋಟಕ್ಕೆ ಪೆಟ್ಟಾಗಿದೆ ಎಂದು ಡಾಕ್ಟರು ಅವರ ಎದುರಿಗೇ ಹೇಳಿದ್ದರು. ಇವರು ಕನ್ನಡಕ ಬದಲಿಸಿದರೆ ಸರಿಹೋದೀತು ಎಂದುಕೊಂಡರು. ಆಮೇಲೆ ಡಾಕ್ಟರು ನನ್ನನ್ನು ಬೇರೆ ಕರೆದು ಬಿಡಿಸಿ ಹೇಳಿದರು. ಎಡಗಡೆ ಅವರಿಗೆ ಕತ್ತಲೆಯಾಗಿ ಕಾಣುವುದಿಲ್ಲವಂತೆ. ಅಲ್ಲೊಂದು ಕಡೆ ಇದೆ ಅನ್ನುವುದೇ ಇರುವುದಿಲ್ಲವಂತೆ. ಅದಕ್ಕೇ ಏನೋ ಕಳೆದುಹೋಗಿದೆ ಎಂದೂ ಅನಿಸುವುದಿಲ್ಲವಂತೆ. ತಿರುಗಿ ಬರುವುದು ಕಷ್ಟ ಎಂದರು.

ಅವರು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಒಂದರ ಮೇಲೊಂದು ಗೇಣೆತ್ತರ ಹಾಸಿ, ಮೇಲಿನ ಪದರಕ್ಕೆ ಗೆರೆ ಹಾಕಿ, ಕರೆಂಟಿನ ಕಟಿಂಗ್ ಮಿಷನ್ನನ್ನು ಆ ಗೆರೆಯ ಮೇಲೆ ದೂಡಿಕೊಂಡು ಹೋಗಬೇಕು. ಬಲಗೈ ಮಿಷನ್ ದೂಡುತ್ತದೆ, ಎಡಗೈ ಬಟ್ಟೆ ಅಲುಗದ ಹಾಗೆ ಒತ್ತಿ ಹಿಡಿಯುತ್ತದೆ. ಬ್ಲೇಡಿಗೂ ಎಡಗೈಗೂ ನಡುವೆ ನಾಲ್ಕು ಬೆರಳು ಜಾಗ ಇದ್ದರೆ ಹೆಚ್ಚು. ಮೂವತ್ತು ವರ್ಷ ಒಂದು ಗೀರು ಕೂಡ ಮಾಡಿಕೊಂಡವರಲ್ಲ. ಸೋಮವಾರದಿಂದ ಬರ್ತೀನಿ ಎಂದು ಮಾಲೀಕರಿಗೆ ತಾವೇ ಫೋನು ಮಾಡಿ ಹೇಳಿಬಿಟ್ಟಿದ್ದರು. ಅವತ್ತಿನಿಂದ ನನ್ನ ಕಣ್ಣೆಲ್ಲ ಅವರ ಎಡಗೈ ಮೇಲೆಯೇ.

ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ನಿನ್ನೆ ಶನಿವಾರ ನೇಮಕಲ್ಲಿನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆವು. ಹತ್ತುವಾಗ ಬಸ್ಸಿನ ಬಾಗಿಲಿಗೆ ಅವರ ಎಡಭುಜ ಬಡಿಯಿತು, ಇಳಿಯುವಾಗ ಇನ್ನೊಮ್ಮೆ ಬಡಿಯಿತು. ಈಗಿನ ಬಸ್ಸಿಗೆಲ್ಲ ಬಾಗಿಲು ಸಣ್ಣ ಇಡ್ತಾರ ಎಂದು ಕಂಡಕ್ಟರನಿಗೆ ಹೇಳುತ್ತಾ ಇಳಿದರು. ನಾನು ಭುಜ ತಿಕ್ಕಿದೆ.

ಕೊನೆಗೆ ನನಗೆ ಹೊಳೆದದ್ದು ಸಿನಿಮಾ.

ನಮ್ಮ ಮನೆಯಲ್ಲಿ ಸಿನಿಮಾ ನೋಡುವುದೆಂದರೆ ವಾದ ಮಾಡುವುದು. ಅವರು ತಪ್ಪು ಹಿಡಿಯುವವರು, ನಾನು ತಪ್ಪಲ್ಲ ಎನ್ನುವವಳು. ಅವರ ಕಣ್ಣಿಗೆ ಮುಖಕ್ಕಿಂತ ಮೊದಲು ಬಟ್ಟೆ ಬೀಳುತ್ತದೆ. ಹೊಳೆಗೆ ಬಿದ್ದವನು ಎದ್ದು ಬರುವಾಗ ಪ್ಯಾಂಟಿನ ಇಸ್ತ್ರಿ ಗೆರೆ ಹಂಗೇ ಐತಿ ಎನ್ನುತ್ತಿದ್ದರು. ದಡದಲ್ಲಿ ಒಣಗಿಸಿಕೊಂಡಿರಬೇಕು, ಅದನ್ನೆಲ್ಲ ತೋರಿಸುತ್ತಾ ಕೂರೋಕಾಗುತ್ತಾ ಎಂದು ನಾನು. ಒಣಗಿಸಿಕೊಂಡ ಸರಿ, ಇಸ್ತ್ರಿ ಯಾರು ಮಾಡಿಕೊಟ್ರು, ಮೊಸಳಿ ಏನು ಎಂದು ಅವರು. ಒಂದು ಸಿನಿಮಾದಲ್ಲಿ ಹೆಂಗಸೊಬ್ಬಳು ಒಂದೇ ಪಾತ್ರೆಯ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ತಪ್ಪು ಎಂದರು. ಅವ್ವ ತೀರಿಕೊಂಡ ವಾರ ನಾನೂ ಎರಡು ಸಲ ಹಾಕಿದ್ದೆ, ನೀವು ಸುಮ್ಮನೆ ಉಂಡಿದ್ದಿರಿ ಎಂದೆ. ಆವತ್ತು ಅವರು ಸೋತರು. ಸೋತದ್ದಕ್ಕೆ ಎದ್ದು ಹೋಗಿ ಚಾ ಮಾಡಿಕೊಂಡು ಬಂದರು.

ಈ ಅಭ್ಯಾಸ ಶುರುವಾದದ್ದು ನನ್ನ ತವರಲ್ಲಿ, ಮಡಕಶಿರದಲ್ಲಿ. ಅಲ್ಲಿನ ಟಾಕೀಸಿನಲ್ಲಿ ನಮ್ಮಪ್ಪ ಆಪರೇಟರ್. ಆಗೆಲ್ಲ ಊರಿಂದೂರಿಗೆ ಸುತ್ತಿ ಸವೆದ ಹಳೇ ರೀಲುಗಳು ಬರುತ್ತಿದ್ದವು. ಹರಿದರೆ ಅಪ್ಪ ಆ ತುದಿಯನ್ನು ಕತ್ತರಿಸಿ, ಈ ತುದಿಗೆ ಅಂಟು ಹಚ್ಚಿ, ಊದಿ, ಮತ್ತೆ ಓಡಿಸುತ್ತಿದ್ದರು. ಕೆಳಗೆ ಜನ ಶಿಳ್ಳೆ ಹಾಕುವುದರೊಳಗೆ ಆಗಬೇಕು.

ನನ್ನನ್ನು ನೋಡಲು ರಾಯದುರ್ಗದಿಂದ ಇವರ ಮನೆಯವರು ಬಂದ ದಿನ, ಉಪ್ಪಿಟ್ಟು ಕಾಫಿ ಆದ ಮೇಲೆ, ಅಪ್ಪ ಎಲ್ಲರನ್ನೂ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದರು. ಆ ಸಿನಿಮಾದಲ್ಲಿ ಪೇಟೆಯ ಹುಡುಗಿ ಮದುವೆಯಾಗಿ ಗಂಡನ ಹಳ್ಳಿಗೆ ಬರುತ್ತಾಳೆ. ಬಾಗಿಲಲ್ಲಿ ನಿಲ್ಲುತ್ತಾಳೆ. ಅದುವರೆಗೆ ಎಲ್ಲರ ಹಾಗೆ ಎಡಕ್ಕಿದ್ದ ಅವಳ ಸೆರಗು ಅಲ್ಲಿ ಮಾತ್ರ ಬಲ ಹೆಗಲ ಮೇಲಿದೆ. ಮಾತಿಲ್ಲ, ಹಾಡಿಲ್ಲ, ಸದ್ದೇ ಇಲ್ಲ. ಹತ್ತಿಪ್ಪತ್ತು ಎಣಿಸುವಷ್ಟು ಹೊತ್ತು ಹಾಗೆ ನಿಂತು ಒಳಗೆ ಹೋಗುತ್ತಾಳೆ.

ನಮ್ಮ ಮಡಕಶಿರ, ಅಗಳಿ ಕಡೆ ಹಳೇ ತಲೆಯ ಹೆಂಗಸರು ಸೆರಗನ್ನು ಬಲಕ್ಕೆ ಹಾಕುತ್ತಿದ್ದರು. ನಮ್ಮವ್ವನೂ ಹಾಗೇ ಉಡುತ್ತಿದ್ದಳು. ನಲ್ಲಿಯ ಹತ್ತಿರ ಪೇಟೆಯ ಹೆಂಗಸರು ಅದನ್ನು ಆಡಿಕೊಂಡು ನಗುತ್ತಿದ್ದರು. ಹಾಗಾಗಿ ಆ ಸೀನು ಬಂದಾಗ ಟಾಕೀಸಿನ ಹೆಂಗಸರ ಕಡೆಯಿಂದ ಒಂದು ಉಸಿರು ಬರುತ್ತಿತ್ತು. ಪೇಟೆಯವಳು ನಮ್ಮ ಸೊಸೆಯಾದಳು, ನಮ್ಮ ಹಾಗೆ ಉಟ್ಟಳು, ಮಾತೇ ಆಡದೆ ತಿಳಿಸಿದಳು ಎಂದು ಊರೆಲ್ಲ ಮಾತು. ಅವ್ವ ಅದೊಂದು ಸೀನಿಗಾಗಿ ಆ ಸಿನಿಮಾ ಮೂರು ಸಲ ನೋಡಿದ್ದಳು.

ಆಟ ಬಿಟ್ಟು ಹೊರಗೆ ಬಂದಾಗ ಅಪ್ಪ, ಹೆಂಗಿತ್ತಪ್ಪ ಎಂದು ಇವರನ್ನು ಕೇಳಿದರು. ಹೆಣ್ಣು ನೋಡಲು ಬಂದ ಗಂಡು ಚೆನ್ನಾಗಿತ್ತು ಎಂದು ಸುಮ್ಮನಾಗಬೇಕಲ್ಲವೆ. ಇವರು ತಲೆ ತಗ್ಗಿಸಿಕೊಂಡೇ ಹೇಳಿದರು.

"ಅಲ್ರಿ, ಆ ಬಾಗಿಲ ಸೀನಿನ್ಯಾಗ ಗಂಡನ ಅಂಗಿ ಜೇಬೂ ಬಲಕ್ಕ ಹೋಗೇತಿ. ಅಂಗಿ ಜೇಬು ಎಡಕ್ಕ ಇರ್ತೈತಿ. ಅಲ್ಲಿ ರೀಲು ಹರಿದಿತ್ತು, ಯಾರೋ ಉಲ್ಟಾ ಮಾಡಿ ಅಂಟಿಸ್ಯಾರ. ರೀಲಿನ ಅಂಚಿನ ಸೌಂಡ್ ಪಟ್ಟಿ ಆ ಕಡೆ ಹೋಗೇತಿ, ಅದಕ್ಕ ಸೌಂಡೂ ಇಲ್ಲ."

ಅಪ್ಪನ ಮುಖ ಒಂದು ಗಳಿಗೆ ಬೇರೆಯಾಯಿತು. ಪಕ್ಕದಲ್ಲೇ ಅವ್ವ ನಿಂತಿದ್ದಳು, ಬಲಕ್ಕೆ ಸೆರಗು ಹೊದ್ದು. ಅಪ್ಪ ಅವಳ ಕಡೆ ನೋಡಿ, ಅದು ಡೈರೆಕ್ಟರು ಬೇಕಂತಲೇ ಮಾಡಿರೋದು ಕಣಪ್ಪ, ಜೇಬು ಹೊಲಿದ ಟೈಲರು ತಪ್ಪು ಮಾಡಿರಬೌದು ಎಂದರು. ಮದುವೆಯಾಯಿತು. ವಾದ ಮುಗಿಯಲಿಲ್ಲ. ಪ್ರತಿ ಯುಗಾದಿಗೆ, ಪ್ರತಿ ದೀಪಾವಳಿಗೆ ಮಾವ ಅಳಿಯ ಎಲೆ ಮುಂದೆ ಕೂತು ಅದನ್ನೇ ಎತ್ತುತ್ತಿದ್ದರು. ಟಾಕೀಸು ಮುಚ್ಚಿತು, ಆ ಸಿನಿಮಾ ಮತ್ತೆಲ್ಲೂ ಸಿಗಲಿಲ್ಲ. ಅವ್ವ ಹೋದ ಮೇಲೆ, ಈಗಲಾದರೂ ಹೇಳ್ರಿ ಮಾವ, ಅಂಟಿಸಿದವರು ನೀವೇ ಅಲ್ಲೇನು ಎಂದು ಇವರು ಕೇಳಿದ್ದಕ್ಕೆ ಅಪ್ಪ ಅಡಿಕೆ ಅಗಿಯುತ್ತಾ ಹೇಳಿದರು.

"ಅಷ್ಟು ಜನ ತಪ್ಪಲ್ಲ ಅಂತ ಒಪ್ಕೊಂಡ ಮೇಲೆ ತಪ್ಪು ಎಲ್ಲಿ ಉಳೀತು, ಅಳಿಯಂದ್ರೆ."

ಅದೇ ಅಪ್ಪನ ಕೊನೆಯ ಉತ್ತರ. ಅವರೂ ಹೋಗಿ ಆರು ವರ್ಷವಾಯಿತು.

ಹೋದ ತಿಂಗಳು ಬಳ್ಳಾರಿಯಲ್ಲಿರುವ ಮಗಳು ಆ ಸಿನಿಮಾ ಇಂಟರ್ನೆಟ್ಟಿನಲ್ಲಿ ಸಿಕ್ಕಿತೆಂದು ಕುಣಿಯುತ್ತಾ ಫೋನು ಮಾಡಿದಳು. ತನ್ನ ಅಪ್ಪನನ್ನು ನೋಡಲು ಬಂದಾಗ ಫೋನಿನಿಂದ ಟೀವಿಗೆ ಹಾಕುವುದನ್ನೂ ಹೇಳಿಕೊಟ್ಟು ಹೋದಳು. ಅವರು ಇನ್ನಷ್ಟು ಸುಧಾರಿಸಿಕೊಳ್ಳಲಿ ಎಂದು ನಾನೇ ಹಾಕದೆ ಇಟ್ಟಿದ್ದೆ. ಇವತ್ತು ಊಟವಾದ ಮೇಲೆ ಹಾಕಿದೆ. ಪ್ರೀತಿಯಿಂದ ಹಾಕಿದೆ ಎಂದು ಬರೆಯಲಾರೆ. ಅವರ ಕಣ್ಣಿಗೆ ಎಷ್ಟು ಬೀಳುತ್ತದೆ, ಎಷ್ಟು ಬಿಟ್ಟುಹೋಗುತ್ತದೆ ನೋಡಬೇಕಿತ್ತು. ಏನಾದರೂ ಬಿಟ್ಟರೆ ಅದನ್ನೇ ಹಿಡಿದು, ನಾಳೆ ಬೇಡ ಎನ್ನೋಣ ಎಂದುಕೊಂಡಿದ್ದೆ.

ಅವರು ಕುರ್ಚಿಯಲ್ಲಿ, ನಾನು ಕೆಳಗೆ ಶೇಂಗಾ ಸುಲಿಯುತ್ತಾ. ಮೊದಲ ಅರ್ಧ ಗಂಟೆಯಲ್ಲೇ ಒಂದು ಮನೆಯ ಸೀನು ಬಂತು. ಎಡಗಡೆ ಗೋಡೆಯಲ್ಲಿ ಗಡಿಯಾರ. ಒಮ್ಮೆ ಹತ್ತು ಗಂಟೆ, ಅದೇ ಮಾತು ನಡೆಯುತ್ತಿರುವಾಗಲೇ ಎರಡೂವರೆ. ಇಂಥದ್ದನ್ನು ಅವರು ಬಿಟ್ಟವರೇ ಅಲ್ಲ. ಬಿಟ್ಟರು. ಇಷ್ಟು ವರ್ಷದಲ್ಲಿ ಮೊದಲ ಸಲ ತಪ್ಪು ನನ್ನ ಕಣ್ಣಿಗೆ ಬಿತ್ತು, ಶೇಂಗಾ ಸುಲಿಯುತ್ತಲೇ ಇದ್ದೆ. ನಾಯಕನ ಕೈಯ ಚೀಲ ಬಣ್ಣ ಬದಲಾಯಿಸಿದ್ದನ್ನು ಮಾತ್ರ ಹಿಡಿದರು. ಅದು ಬಲಗೈಯಲ್ಲಿತ್ತು.

ಬಾಗಿಲ ಸೀನು ಹತ್ತಿರ ಬಂದಾಗ ಅವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ನಿಮ್ಮಪ್ಪನ ಕೇಸು ಇವತ್ತು ಬಗಿಹರೀತೈತಿ ನೋಡು ಎಂದರು. ಗಂಡ ಬಲಗಡೆ ನಿಂತಿದ್ದಾನೆ. ಎಡಗಡೆ ಹೊಸ್ತಿಲ ಹತ್ತಿರ ಅವಳು. ಸೆರಗು ಎಡ ಹೆಗಲ ಮೇಲೆ, ಎಲ್ಲರ ಹಾಗೆ. ಮೌನವೂ ಇಲ್ಲ. ಬಾಯಿಬಿಟ್ಟು, ಒಳಗೆ ಬರಲಾ, ಎಂದು ಕೇಳುತ್ತಾಳೆ. ಅಷ್ಟೇ ಮಾತು. ಮಡಕಶಿರದಲ್ಲಿ ಯಾರೂ ಕೇಳಿಸಿಕೊಳ್ಳದ ಮಾತು.

ಅವರು ತೊಡೆ ತಟ್ಟಿದರು. ದವಾಖಾನೆಯಿಂದ ಬಂದ ಮೇಲೆ ಅವರು ಅಷ್ಟು ಖುಷಿಯಾದದ್ದು ನಾನು ನೋಡಿರಲಿಲ್ಲ.

"ಸಿಕ್ತು ತಪ್ಪು. ಹೆಣ್ಣುಮಗಳ ಧ್ವನಿ ಬರ್ತೈತಿ, ಹೆಣ್ಣುಮಗಳ ಇಲ್ಲ. ಬರೇ ಗಂಡ ನಿಂತಾನ. ಹೊಸ ಸೊಸಿ ಮನಿಗೆ ಬರೋ ಸೀನಿನ್ಯಾಗ ಸೊಸಿನ್ನ ತೋರಿಸೋದ ಮರೆತಾರ. ಇದಕ್ಕೇನಂತಿ, ಇದೂ ತಪ್ಪಲ್ಲೇನು?"

ನನ್ನ ಸರದಿ. ತಪ್ಪಲ್ಲ ಎಂದು ಏನಾದರೊಂದು ಕಟ್ಟಿ ಹೇಳುವುದು ನನಗೆ ಹೊಸದೇ? ಅವಳು ನಾಚಿಕೊಂಡು ಬಾಗಿಲ ಹಿಂದೆ ನಿಂತಿದ್ದಾಳೆ ಎನ್ನಬಹುದಿತ್ತು. ಬೇಕಂತಲೇ ಧ್ವನಿ ಮಾತ್ರ ಇಟ್ಟಿದ್ದಾರೆ ಎನ್ನಬಹುದಿತ್ತು. ಅವರು ನಗುತ್ತಿದ್ದರು. ಬೆಳಿಗ್ಗೆ ನಾನು ಕೆರೆದ ಎಡಗೆನ್ನೆ ಇನ್ನೂ ಕೆಂಪಗಿತ್ತು. ಗೂಟದಲ್ಲಿ ಅಂಗಿ ನೇತಾಡುತ್ತಿತ್ತು. ಫೋನು ಒತ್ತಿ ಚಿತ್ರ ನಿಲ್ಲಿಸಿದೆ.

"ಆಕೆ ಅಲ್ಲೇ ಇದ್ದಾಳೆ ರೀ. ಎಡಗಡೆ."

ಅವರು ನನ್ನನ್ನು ನೋಡಿದರು. ಆಟ ಆಡುತ್ತಿದ್ದೇನೆ ಎಂದುಕೊಂಡಿರಬೇಕು. ನನ್ನ ಮುಖ ನೋಡಿದ ಮೇಲೆ ಟೀವಿಯ ಕಡೆ ತಿರುಗಿದರು. ಆಮೇಲೆ ಕತ್ತನ್ನು ಮೆಲ್ಲಗೆ, ಗೆರೆಯ ಮೇಲೆ ಮಿಷನ್ ದೂಡುವಷ್ಟೇ ಮೆಲ್ಲಗೆ, ಎಡಕ್ಕೆ ತಿರುಗಿಸಿದರು. ಒಂದು ಕಡೆ ನಿಲ್ಲಿಸಿದರು. ಮತ್ತೆ ಬಲಕ್ಕೆ ತಂದರು. ಮತ್ತೆ ಎಡಕ್ಕೆ ಒಯ್ದರು. ಮೂರು ಸಲ ಹಾಗೆ ಮಾಡಿದರು.

"ಬರ್ತಾಳ," ಎಂದರು. "ಹೋಗ್ತಾಳ."

ನಾನು ಶೇಂಗಾ ಸಿಪ್ಪೆಯನ್ನು ಮೊರದಲ್ಲಿ ಒಟ್ಟು ಮಾಡುತ್ತಾ ಕೂತೆ. ಮಡಕಶಿರದಾಗ ಆಕಿ ಬಲಕ್ಕ ನಿಂತಿದ್ದಳು, ನನಗ ಚಂದಾಗಿ ನೆನಪೈತಿ ಎಂದರು. ಹೌದು ಎಂದೆ. ಹಂಗಾದ್ರ ನಿಮ್ಮಪ್ಪ ಉಲ್ಟಾ ಅಂಟಿಸಿದ್ದು ಖರೆ ಆತು ಎಂದರು. ಮೂವತ್ತು ವರ್ಷದ ವಾದ ಗೆದ್ದಿದ್ದರು. ಗೆದ್ದ ದನಿ ಅದಾಗಿರಲಿಲ್ಲ. ನಾನು ಅದಕ್ಕೂ ಹೌದು ಎಂದೆ. ಅಪ್ಪ ಇದ್ದಿದ್ದರೆ ಇವತ್ತು ತಾವೇ ಒಪ್ಪಿಕೊಂಡು, ಮಾತು ಬೇರೆ ಕಡೆಗೆ ತಿರುಗಿಸುತ್ತಿದ್ದರೇನೋ.

ಉಳಿದ ಸಿನಿಮಾ ನೋಡಲಿಲ್ಲ. ಅವರು ಎದ್ದು ಕಟ್ಟೆಗೆ ಹೋಗಿ ಕೂತರು. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖದ ಮುಂದೆ ತಂದು, ಪಕ್ಕಕ್ಕೆ ಸರಿಸಿ, ಮತ್ತೆ ತಂದು ನೋಡಿಕೊಳ್ಳುತ್ತಿದ್ದರು. ನಾನು ಬಾಗಿಲ ಒಳಗೇ ನಿಂತಿದ್ದೆ, ಅವರ ಎಡಕ್ಕೆ. ನಾನಿರುವುದು ಅವರಿಗೆ ಗೊತ್ತಿರಲಿಲ್ಲ. ನಾಚಿಕೆಯಾಗಿ ಸುತ್ತಿಬಂದು ಬಲಕ್ಕೆ ಕೂತೆ. ಎಂದಿನಿಂದ ಗೊತ್ತಿತ್ತು ನಿನಗ ಎಂದು ಕೇಳಿದರು. ದವಾಖಾನೆಯಿಂದಲೇ ಎಂದೆ. ಬೈಯಲಿಲ್ಲ. ತಟ್ಟೆ ಅದಕ್ಕ ತಿರುಗಸ್ತಿದ್ದೇನು ಎಂದರು. ಹೌದೆಂದು ತಲೆಯಾಡಿಸಿದೆ.

ದೀಪ ಹಚ್ಚುವ ಹೊತ್ತಿಗೆ ಮಾಲೀಕರಿಗೆ ತಾವೇ ಫೋನು ಮಾಡಿದರು. ನಾಳೆ ಬರೋದಿಲ್ರಿ, ಮಿಷನ್ನಿಗೆ ಬ್ಯಾರೆಯವರನ್ನ ನೋಡ್ರಿ ಎಂದರು, ಅಷ್ಟೇ. ಆ ಕಡೆಯಿಂದ ಏನೋ ಸಮಾಧಾನ ಹೇಳುತ್ತಿದ್ದರು, ಇವರು ಹೂಂ ಹೂಂ ಎನ್ನುತ್ತಿದ್ದರು. ನಾನು ಗೂಟದಿಂದ ಅಂಗಿ ತೆಗೆದು, ಇಸ್ತ್ರಿ ಕೆಡದ ಹಾಗೆ ಮಡಿಸಿ ಬೀರುವಿನಲ್ಲಿಟ್ಟೆ. ಜೇಬಿನಲ್ಲಿ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದ ತುಂಡೊಂದಿತ್ತು, ಬೆಳಿಗ್ಗೆ ಅವರೇ ಹಾಕಿಟ್ಟದ್ದು. ಅದನ್ನು ತೆಗೆಯಲಿಲ್ಲ.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಅವರು ಒಂದೂವರೆ ರೊಟ್ಟಿ ತಿಂದರು, ನಾನು ಒಂದು. ಅರ್ಧ ಊಟವಾದಾಗ ನನ್ನ ಕೈ ಎಂದಿನಂತೆ ಮುಂದೆ ಹೋಯಿತು. ಅಷ್ಟರಲ್ಲಿ ಅವರೇ ತಟ್ಟೆಯನ್ನು ತಿರುಗಿಸಿಕೊಂಡರು. ಪಲ್ಯ ಎದುರಿಗೆ ಬಂತು. ಹಾಸಿಗೆ ಹಾಸಿದೆ. ಈ ಒಂದೂವರೆ ತಿಂಗಳು ಅವರ ಉಸಿರು ಕೇಳಿ ಆಮೇಲೆ ಕಣ್ಣು ಮುಚ್ಚುತ್ತಿದ್ದವಳು ಇವತ್ತು ದಿಂಬಿಗೆ ತಲೆ ಕೊಟ್ಟದ್ದಷ್ಟೇ ಗೊತ್ತು. ಮೊದಲು ನಿದ್ದೆ ಹೋದವಳು ನಾನು. ನಡುರಾತ್ರಿ ಎಚ್ಚರವಾಗಿ ಇದನ್ನು ಬರೆಯಲು ಕೂತಾಗ ಅವರು ಇನ್ನೂ ಎದ್ದು ಕೂತಿದ್ದರು.