ಅತ್ತೆಯ ಎದೆಯೊಳಗಿನ ಬೈತಲೆ

ಮೊದಲು ಬಂದದ್ದು ಕೆಮ್ಮು. ಒಣ ಕೆಮ್ಮು. ತಮಿಳು ಮುಸಲ್ಮಾನರ ಮಾಮಕ್ ತಿಂಡಿ ಅಂಗಡಿಯಲ್ಲಿ ಬೇಡ ಬೇಡ ಅಂದರೂ ಐಸ್ ತುಂಬಿದ ನಿಂಬೆ ಶರಬತ್ತು ಕುಡಿದದ್ದರ ಫಲ ಎಂದು ನಾನು ಅತ್ತೆಯನ್ನು ಛೇಡಿಸಿದೆ. ಮೈಸೂರಿನಿಂದ ಮಲೇಷಿಯಾದ ಪುಚೊಂಗ್‌ಗೆ ಬಂದು ನಮ್ಮ ಜೊತೆಯೇ ಇರುವ ಅತ್ತೆಗೆ ಈ ಊರಿನಲ್ಲಿ ಬಹಳ ಮೆಚ್ಚುಗೆಯಾದದ್ದೇ ಆ ಶರಬತ್ತು. ಆಮೇಲೆ ಜ್ವರ ಬಂತು. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದವರು ಕಾವಲಿಯ ಮುಂದೆಯೇ ಕುಸಿದು ಕುಳಿತರು. ತುಟಿ ನೀಲಿಗಟ್ಟಿತ್ತು.

ನ್ಯುಮೋನಿಯಾ.

ಬಲ ಶ್ವಾಸಕೋಶದಲ್ಲಿ ಕಫ ಕಟ್ಟಿದೆ, ಆಂಟಿಬಯೋಟಿಕ್ ಕೊಡುತ್ತೇವೆ, ಆದರೆ ಅವರು ಆಳವಾಗಿ ಉಸಿರೆಳೆದು, ಕೆಮ್ಮಿ, ಕಫ ಹೊರಗೆ ಹಾಕಲೇಬೇಕು ಎಂದರು ಆಸ್ಪತ್ರೆಯ ಡಾಕ್ಟರ್. ಅವರು ಇಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು. ಅತ್ತೆಯನ್ನು 'ಅಮ್ಮಾ' ಎಂದೇ ಕರೆಯುತ್ತಿದ್ದರು. ಫಿಸಿಯೊ ಬಂದು ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಉಸಿರೆಳೆದು ಚೆಂಡು ಮೇಲೇಳಿಸುವುದನ್ನು ಕಲಿಸಿದಳು. ಅತ್ತೆ ಮೊದಲ ದಿನವೇ ಎರಡು ಚೆಂಡು ಎಬ್ಬಿಸಿ, ಹೇಗೆ ಎನ್ನುವಂತೆ ನನ್ನ ಕಡೆ ನೋಡಿದರು.

ಮರುದಿನ ಒಂದೂ ಏಳಲಿಲ್ಲ.

ಅವರು ಪ್ರಯತ್ನವನ್ನೇ ಮಾಡುತ್ತಿರಲಿಲ್ಲ. ಕೆಮ್ಮು ಬಂದರೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ತಡೆಯುತ್ತಿದ್ದರು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಲ್ಲಿ ಆಕ್ಸಿಜನ್ ಇಳಿಯುತ್ತಾ ಬಂತು. ಹೀಗೇ ಆದರೆ ಐಸಿಯುಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರ್ ನನ್ನನ್ನು ಹೊರಗೆ ಕರೆದು ಹೇಳಿದರು. ನನ್ನ ಗಂಡ ರಘು ಸೈಬರ್‌ಜಯಾದ ಆಫೀಸಿನಿಂದ ಓಡಿ ಬಂದ. ಅಮ್ಮನನ್ನು ಬೇಡಿಕೊಂಡ, ಗದರಿದ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಈಕೆ ಇಲ್ಲದ ಮನೆ ನನಗೆ ಬೇಡವಾಗಿತ್ತು.

ರಘು ಕಾಫಿ ತರಲು ಹೋದಾಗ ಅತ್ತೆ ನನ್ನ ಕೈ ಹಿಡಿದು ಹತ್ತಿರ ಎಳೆದರು.

"ಸುಧಾ, ನನಗೆಲ್ಲ ಗೊತ್ತಾಯ್ತು ಕಣೇ. ಎದೇಲಿ ಫಿಶರ್ ಆಗಿದೆಯಂತೆ. ಅವನ ಮುಂದೆ ಹೇಳಕ್ಕೆ ನಾಚಿಕೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರ್ ಎಕ್ಸ್-ರೇ ತೋರಿಸುತ್ತಾ ಕಿರಿಯ ಡಾಕ್ಟರುಗಳಿಗೆ ಏನೋ ವಿವರಿಸಿದ್ದರು. ಅಷ್ಟು ಇಂಗ್ಲಿಷಿನಲ್ಲಿ ಅತ್ತೆಗೆ ಪರಿಚಯದ ಪದ ಅದೊಂದೇ. ನಮ್ಮ ಕಡೆ ಆ ಪದ ತಿಳಿಯದವರು ಯಾರು? ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆಲ್ಲ ಪೈಲ್ಸ್, ಫಿಶರ್, ಫಿಸ್ಟುಲಾ ಎಂದೇ ಬರೆದಿರುತ್ತದೆ. ಮಾವನಿಗೂ ಅದಾಗಿತ್ತು. ತಿಣುಕಬೇಡಿ, ಬಿರುಕು ದೊಡ್ಡದಾಗುತ್ತದೆ ಎಂದು ವೈದ್ಯರು ಅವರಿಗೆ ಹೇಳಿದ್ದರಂತೆ. ಈಗ ಜೋರಾಗಿ ಕೆಮ್ಮಿದರೆ ತಮ್ಮ ಎದೆಯ ಬಿರುಕೂ ಹರಿದುಹೋಗುತ್ತದೆ ಎಂದು ಅತ್ತೆ ಉಸಿರು ಬಿಗಿಹಿಡಿದಿದ್ದರು.

ನಗು ಬಂತು. ಅಳುವೂ ಬಂತು.

ಡಾಕ್ಟರನ್ನು ಕರೆತಂದೆ. ಅವರು ನಗಲಿಲ್ಲ. ಎಕ್ಸ್-ರೇ ತೆರೆದು, ಕೂದಲೆಳೆಯಷ್ಟು ತೆಳುವಾದ ಒಂದು ಅಡ್ಡಗೆರೆ ತೋರಿಸಿದರು. ಬಲ ಶ್ವಾಸಕೋಶಕ್ಕೆ ಮೂರು ಭಾಗ, ಎಡದ್ದಕ್ಕೆ ಎರಡು. ಆ ಭಾಗಗಳ ನಡುವಿನ ಸಂದಿಗೇ ಫಿಶರ್ ಎನ್ನುತ್ತಾರೆ, ಕಿರಣ ಅದರ ಅಂಚಿಗೆ ಸರಿಯಾಗಿ ಬಿದ್ದರೆ ಹೀಗೆ ಗೆರೆಯಾಗಿ ಕಾಣುತ್ತದೆ ಎಂದರು. ಸೋಂಕು ಆ ಗೆರೆಯ ಕೆಳಗೇ ನಿಂತಿದೆ, ಮೇಲಕ್ಕೆ ಹರಡಿಲ್ಲ ಎಂದು ಬೆಳಿಗ್ಗೆ ಅವರು ಹೇಳಿದ್ದು ಒಳ್ಳೆಯ ಸುದ್ದಿಯೇ ಆಗಿತ್ತು.

"ನಾರ್ಮಲ್ ಲಾ, ಅಮ್ಮಾ. ಎನಕ್ಕುಂ ಇರುಕ್ಕು," ನನಗೂ ಇದೆ ಎಂದು ತಮ್ಮ ಎದೆಯನ್ನೂ ಮುಟ್ಟಿ ತೋರಿಸಿದರು.

ಅವರು ಹೋದ ಮೇಲೂ ಅತ್ತೆಗೆ ನಂಬಿಕೆ ಬರಲಿಲ್ಲ. ಬಿರುಕಲ್ಲದಿದ್ದರೆ ಮತ್ತೇನು ಅದು ಎಂದು ನನ್ನನ್ನು ಕೇಳಿದರು. ನಾನು ಅವರ ಸಿಕ್ಕುಗಟ್ಟಿದ ತಲೆ ಬಾಚುತ್ತಿದ್ದೆ.

"ಬೈತಲೆ, ಅತ್ತೆ," ಅಂದೆ. "ಬೈತಲೆ ತೆಗೆದ್ರೆ ತಲೆ ಬಿರುಕು ಬಿಡತ್ತಾ?"

ಅತ್ತೆ ಬೆರಳಿನಿಂದ ತಮ್ಮ ಬೈತಲೆಯನ್ನು ಹಣೆಯಿಂದ ನೆತ್ತಿಯವರೆಗೆ ಮುಟ್ಟಿ ನೋಡಿಕೊಂಡರು. ಆಮೇಲೆ ಕೆಮ್ಮಿದರು. ಅದೆಂಥ ಕೆಮ್ಮು! ಮಂಚ ಅಲುಗಿತು, ಪಕ್ಕದ ಬೆಡ್ಡಿನ ಚೀನೀ ಅಜ್ಜಿ ಎದ್ದು ಕುಳಿತರು. ನಾನು ಬೇಸಿನ್ ಹಿಡಿದೆ. ಕಫ ಕಂಡು ಅಷ್ಟು ಸಂತೋಷಪಟ್ಟ ಸೊಸೆ ಇನ್ನೊಬ್ಬಳಿರಲಾರಳು.

ಈಗ ಮನೆಗೆ ಬಂದಿದ್ದೇವೆ. ಎಕ್ಸ್-ರೇಯ ಬಿಳಿ ಮಚ್ಚೆ ಪೂರ್ತಿ ಹೋಗಿಲ್ಲ, ಈ ವಯಸ್ಸಿನಲ್ಲಿ ನಿಧಾನವಂತೆ. ಮತ್ತೊಮ್ಮೆ ತೆಗೆಸಬೇಕು. ಆದರೆ ನಿನ್ನೆ ಊಟಕ್ಕೆ ಕುಳಿತ ಅತ್ತೆ, ನನ್ನ ಸಾರಿಗೆ ಉಪ್ಪಿಲ್ಲ, ಹುಳಿಯಿಲ್ಲ ಎಂದು ಶುರುಮಾಡಿ, ನನಗೆ ಅಡುಗೆ ಕಲಿಸದ ನಮ್ಮಮ್ಮನವರೆಗೂ ಹೋಗಿ ಬಂದರು. ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಇನ್ನೂ ಬಯ್ಯಲಿ ಎಂದು ನಾನು ಮತ್ತೊಂದು ಸೌಟು ಸಾರು ಬಡಿಸಿದೆ.