ಗ್ರೈಂಡರಿನ ಮೇಲಿನ ಮನೆ

ಮೊದಲ ದಿನ ಬೆಳಿಗ್ಗೆ ನಾನು ಎದ್ದದ್ದು ಭೂಮಿ ನಡುಗುತ್ತಿದೆ ಎಂದುಕೊಂಡು. ಚಾಪೆ ಅದುರುತ್ತಿತ್ತು, ತಲೆಯ ಹತ್ತಿರ ಇಟ್ಟುಕೊಂಡ ನೀರಿನ ಚೊಂಬು ತನ್ನಷ್ಟಕ್ಕೆ ಗಿಣಗಿಣ ಎನ್ನುತ್ತಿತ್ತು. ಮಗುವನ್ನು ಎತ್ತಿಕೊಂಡು ಓಡೋಣವೆಂದು ತೊಟ್ಟಿಲಿಗೆ ಕೈ ಹಾಕಿದರೆ, ಮೂರು ತಿಂಗಳ ನನ್ನ ಮೊಮ್ಮಗಳು ಬಾಯಿ ತೆರೆದುಕೊಂಡು ಸುಖವಾಗಿ ಮಲಗಿದ್ದಾಳೆ. ಕೆಳಗಿನಿಂದ ಮಗಳು ಸುಮನಾ ಕೂಗಿದಳು, "ಅಮ್ಮ, ಹೆದ್ರಬೇಡ. ಗ್ರೈಂಡರ್."

ಚೆನ್ನೈಯ ತ್ರಿಪ್ಲಿಕೇನಿನ ಒಂದು ಗಲ್ಲಿಯಲ್ಲಿ ಅಳಿಯ ಗಣಪತಿಯವರ ಮೆಸ್ಸು. ಸುತ್ತಲಿನ ಲಾಡ್ಜುಗಳಲ್ಲಿ ಇರುವವರು ದಿನಾ ಬಂದು ಉಣ್ಣುವ ಸಣ್ಣ ಹೋಟೆಲು ಅದು. ಕೆಳಗೆ ಮೆಸ್ಸು, ಮೇಲೆ ಮನೆ. ಮನೆಯೆಂದರೆ ಒಂದು ಕೋಣೆ, ಒಂದು ಬಚ್ಚಲು, ಬಟ್ಟೆ ಒಣಗಿಸಲು ನಾಲ್ಕು ಮಾರು ಟೆರೇಸು. ಕೋಟೇಶ್ವರದಲ್ಲಿ ಮಗನ ಮನೆಯಲ್ಲಿ ನನಗೆ ಅಂಗಳವಿತ್ತು, ಬಾವಿಯಿತ್ತು. ಇಲ್ಲಿ ನೀರು ಲಾರಿಯಲ್ಲಿ ಬರುತ್ತದೆ. ಆದರೂ ಹೇಳುತ್ತೇನೆ, ಇಷ್ಟು ಖುಷಿ ನಾನು ಆ ಅಂಗಳದಲ್ಲಿಯೂ ಪಟ್ಟಿಲ್ಲ. ಮೊಮ್ಮಗಳು ನನ್ನ ಮೂಗು ಹಿಡಿದು ಎಳೆದರೆ ನನಗೆ ದಿನವಿಡೀ ಹಸಿವೆಯಿಲ್ಲ.

ಹೆರಿಗೆ ನಮ್ಮಲ್ಲೇ ಆಗಬೇಕಿತ್ತು. ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದರು. ನನ್ನದೋ ಆಗಲೇ ಕೈ ಮುರಿದು ಪಟ್ಟಿ ಕಟ್ಟಿಸಿಕೊಂಡಾಗಿತ್ತು. ಅಳಿಯನಿಗೆ ತಾಯಿಯಿಲ್ಲ. ನಮ್ಮ ಕಡೆ ಬಾಣಂತಿಯನ್ನು ನಲವತ್ತು ದಿನ ಕತ್ತಲೆ ಕೋಣೆಯಲ್ಲಿ ಬೆಚ್ಚಗೆ ಮಲಗಿಸುತ್ತಾರೆ, ಅವಳ ಹತ್ತಿರ ಗಟ್ಟಿಯಾಗಿ ಮಾತನಾಡುವುದೂ ಇಲ್ಲ. ನನ್ನ ಮಗಳು ಇಪ್ಪತ್ತನೇ ದಿನಕ್ಕೆ ಅಡುಗೆಮನೆಗೆ ಇಳಿದಿದ್ದಳು. ಅದನ್ನು ನನಗೆ ಹೇಳಿರಲಿಲ್ಲ. ಬಂದ ಮೇಲೆ ಕಣ್ಣಾರೆ ಕಂಡೆ.

ಕಂಡದ್ದು ಹೀಗೆ. ಗ್ರೈಂಡರಿನ ಪಕ್ಕದ ಅಕ್ಕಿ ಮೂಟೆಯ ಮೇಲೆ ಕುಳಿತು ಒಂದು ಕೈಯಲ್ಲಿ ಉದ್ದು ತಳ್ಳುತ್ತಾಳೆ, ಇನ್ನೊಂದು ಕೈಯಲ್ಲಿ ಮಗುವನ್ನು ಎದೆಗೆ ಹಿಡಿದಿದ್ದಾಳೆ, ಕಣ್ಣು ಎದುರಿನ ಡಬ್ಬಕ್ಕೆ ಒರಗಿಸಿಟ್ಟ ಪುಸ್ತಕದಲ್ಲಿ. ಮದುವೆಗೆ ಮುಂಚೆ ಬಿ.ಕಾಂ. ಅರ್ಧಕ್ಕೆ ನಿಂತಿತ್ತು. ಮನೆಯಲ್ಲೇ ಓದಿ ಪರೀಕ್ಷೆ ಕಟ್ಟುವ ಕಾಲೇಜಿಗೆ ಸೇರಿ ಎಲ್ಲ ಪಾಸು ಮಾಡಿಕೊಂಡಿದ್ದಳು. ಉಳಿದದ್ದು ಕೊನೆಯ ಒಂದು ಪೇಪರು. ಹೊಟ್ಟೆಯಲ್ಲಿ ಮಗು ಇರುವಾಗ ಒಮ್ಮೆ ತಪ್ಪಿತ್ತು. ಈ ಸಲವೂ ತಪ್ಪಿದರೆ ಅವಧಿ ಮುಗಿಯುತ್ತದೆ, ಮೊದಲಿನಿಂದ ಬರೆಯಬೇಕು ಎಂದಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆ ಒಂದು ಪೇಪರಿನ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಮಲಗುವುದು ಯಾವಾಗ ಎಂದು ಬೈದೆ.

"ಪರೀಕ್ಷೆ ಮುಗೀಲಿ ಅಮ್ಮ. ಆಮೇಲೆ ಮನಿಕಂತೆ," ಎಂದಳು. ಅಳಿಯನನ್ನು ಕೇಳಿದರೆ, ಹಬ್ಬದ ವ್ಯಾಪಾರ ಮುಗಿಯಲಿ ಎಂದರು. ಈ ಮನೆಯಲ್ಲಿ ಎಲ್ಲರ ನಿದ್ರೆಯೂ ಯಾವುದಾದರೊಂದು ಮುಗಿಯುವುದನ್ನೇ ಕಾಯುತ್ತಿತ್ತು.

ಪರೀಕ್ಷೆ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ. ಮಗು ತಾಯಿಯ ಎದೆ ಬಿಟ್ಟರೆ ಬೇರೆ ಏನನ್ನೂ ಬಾಯಿಗೆ ಸೇರಿಸುತ್ತಿರಲಿಲ್ಲ. ನಮ್ಮ ಒಳಲೆಯನ್ನು ಇಲ್ಲಿಯವರು ಪಾಲಾಡೈ ಎನ್ನುತ್ತಾರೆ, ಮಕ್ಕಳಿಗೆ ಹಾಲು ಕುಡಿಸುವ ಮೂತಿಯಿರುವ ಸಣ್ಣ ಬಟ್ಟಲು. ವಾರದಿಂದ ಅದರಲ್ಲಿ ಅಭ್ಯಾಸ ಮಾಡಿಸಿದ್ದೆ. ಒಂದು ದಿನ ಕುಡಿದರೆ ಎರಡು ದಿನ ಉಗುಳುತ್ತಿತ್ತು. ಹೊರಡುವಾಗ ಸುಮನಾ ತನ್ನ ಹಾಲನ್ನೇ ಹಿಂಡಿ ಲೋಟದಲ್ಲಿ ಇಟ್ಟಳು. ಗಂಡನ ಕೈ ಹಿಡಿದು ಮಾತು ತೆಗೆದುಕೊಂಡಳು. ಹನ್ನೊಂದೂವರೆಯವರೆಗೆ ಮಗು ಕುಡಿಯದಿದ್ದರೆ ಸ್ಕೂಟರಿನಲ್ಲಿ ಪರೀಕ್ಷೆಯ ಕಾಲೇಜಿಗೆ ಬಂದು ಗೇಟಿನವನಿಗೆ ಹೇಳಿ ಅವಳನ್ನು ಎಬ್ಬಿಸಿಕೊಂಡು ಬರಬೇಕು. ಎದೆಹಾಲು ಕುಡಿಸುವ ತಾಯಿಗೆ ಏನು ಹೇಳುವುದು?

ಅವಳು ಹೋದ ಕೂಡಲೇ ಮನೆಯನ್ನು ನನ್ನ ಕೈಗೆ ತೆಗೆದುಕೊಂಡೆ. ಕಿಟಕಿಗೆ ಸೀರೆ ಕಟ್ಟಿ ಕತ್ತಲೆ ಮಾಡಿದೆ. ಗ್ರೈಂಡರ್ ನಿಲ್ಲಿಸಿ ಎಂದು ಅಳಿಯನಿಗೆ ಹೇಳಿದೆ. ಮರುದಿನದ ಇಡ್ಲಿಗೆ ಹಿಟ್ಟು ತಡವಾಗುತ್ತದೆ ಅತ್ತೆ ಎಂದರು, ಆದರೂ ನಿಲ್ಲಿಸಿದರು. ನಮ್ಮ ಊರಿನ ಬಾಣಂತಿ ಕೋಣೆಯನ್ನೇ ತಂದು ಇಲ್ಲಿ ಇಟ್ಟ ಹಾಗಾಯಿತು. ಇನ್ನು ಮಗು ಕುಡಿದು ಮಲಗುತ್ತದೆ ಎಂದುಕೊಂಡೆ.

ಮಲಗಿದ್ದ ಮಗು ಹತ್ತೂವರೆಗೆ ಎದ್ದಿತು. ಒಳಲೆ ತುಟಿಗೆ ತಾಗಿಸಿದರೆ ಮುಖ ತಿರುಗಿಸಿತು. ಎತ್ತಿಕೊಂಡು ನಡೆದೆ, ಗುನುಗಿದೆ, ತೊಡೆಯ ಮೇಲೆ ತಟ್ಟಿದೆ. ಅಳು ಹೆಚ್ಚಿತು. ಹಾಲು ಗಲ್ಲದಿಂದ ಕುತ್ತಿಗೆಗೆ, ಅಲ್ಲಿಂದ ನನ್ನ ಸೆರಗಿಗೆ ಇಳಿಯಿತು. ಲೋಟದಲ್ಲಿ ಅರ್ಧವೂ ಉಳಿಯಲಿಲ್ಲ. ಅತ್ತು ಅತ್ತು ಮಗುವಿನ ಹಣೆ ಕೆಂಪಾಯಿತು, ಕೊನೆಗೆ ಸ್ವರವೇ ಒಡೆಯಿತು. ಆರು ಹೆತ್ತು ನಾಲ್ಕು ಉಳಿಸಿಕೊಂಡವಳು ನಾನು, ಒಂದು ಮಗುವಿನ ಹಸಿವೆ ನನಗೆ ಅರ್ಥವಾಗುತ್ತಿಲ್ಲವಲ್ಲ ಎಂದುಕೊಂಡು ಮತ್ತೆ ಒಳಲೆ ಎತ್ತಿಕೊಂಡೆ.

ಅಳಿಯ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಸ್ಕೂಟರಿನ ಕೀ.

"ಅತ್ತೆ, ಹನ್ನೊಂದೂವರೆ ಆಯ್ತ್. ನಾ ಮಾತ್ ಕೊಟ್ಟಿದೆ ಅವ್ಳಿಗೆ."

ಕಾಲು ಗಂಟೆ ಕೊಡಿ ಎಂದು ಕೇಳಿದೆ. ಅವರು ಮಗುವಿನ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರದ್ದೂ ಕಣ್ಣು ತುಂಬಿತ್ತು. ಹತ್ತು ನಿಮಿಷ ಎಂದು ಅಲ್ಲೇ ಮೆಟ್ಟಿಲಲ್ಲಿ ಕುಳಿತರು. ಅವರು ಎದ್ದರೆ ನನ್ನ ಮಗಳ ಪರೀಕ್ಷೆ ಹೋಯಿತು, ಕುಳಿತೇ ಇದ್ದರೆ ಮಗು ಹಸಿದೇ ಇರುತ್ತದೆ. ಯಾವುದು ಸರಿ ಎಂದು ನನಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸೆಲ್ವಿ ಮೇಲೆ ಬಂದಳು. ಮೆಸ್ಸಿನಲ್ಲಿ ತರಕಾರಿ ಹೆಚ್ಚುವವಳು, ಮೂರು ಮಕ್ಕಳ ತಾಯಿ. ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತಾ ಕತ್ತಲೆ ಕೋಣೆಯನ್ನು ಒಮ್ಮೆ ನೋಡಿದಳು, ಒಂದು ಕ್ಷಣ ಕಿವಿಗೊಟ್ಟಳು.

"ಮೆಷಿನ್ ಓಡಲೆ ಪಾಟಿ. ಅದಾನ್ ಅಳುವುದು," ಎಂದಳು.

ಪಾಟಿ ಎಂದರೆ ಅಜ್ಜಿ. ಮೆಷಿನ್ ಓಡುತ್ತಿಲ್ಲ ಅಜ್ಜಿ, ಅದಕ್ಕೇ ಅಳುತ್ತಿರುವುದು. ನಾನು ಬಾಯಿ ಬಿಟ್ಟು ನಿಂತೆ. ಅಳಿಯ ಮಾತ್ರ ಎರಡೆರಡು ಮೆಟ್ಟಿಲು ಹಾರಿ ಇಳಿದರು. ನೆಲ ಅದುರಿತು. ಮಗುವನ್ನು ಕೆಳಗೆ ಕೊಂಡುಹೋದೆ, ಅದೇ ಅಕ್ಕಿ ಮೂಟೆಯ ಮೇಲೆ ಕುಳಿತೆ. ಸಾಂಬಾರಿನ ಹಬೆ, ಇಂಗಿನ ವಾಸನೆ, ಗರಗರ ಸದ್ದು, ಊಟಕ್ಕೆ ಬಂದವರ ಗಲಾಟೆ. ಮಗು ಎರಡು ಸಲ ಬಿಕ್ಕಿತು, ಸುತ್ತ ನೋಡಿತು, ಬಾಯಿ ತೆರೆಯಿತು. ಒಳಲೆಯ ಹಾಲು ಗುಟುಕು ಗುಟುಕಾಗಿ ಒಳಗೆ ಹೋಯಿತು. ಒಂದು ಹನಿ ಹೊರಗೆ ಬರಲಿಲ್ಲ. ಅಳಿಯ ಕೀಯನ್ನು ಮೊಳೆಗೆ ನೇತುಹಾಕಿ ಎಲೆ ಹಾಕಲು ಓಡಿದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಉಣ್ಣುತ್ತಿದ್ದವರೆಲ್ಲ ಕತ್ತೆತ್ತಿ ನೋಡಿದರು.

ಒಂದೂವರೆಗೆ ಸುಮನಾ ಬಂದಳು. ಚಪ್ಪಲಿ ಬಿಡುವ ಮೊದಲೇ ಕುಡಿಯಿತಾ ಎಂದು ಕೇಳಿದಳು. ನಾನು ಸಂಭ್ರಮದಿಂದ ಎಲ್ಲ ಹೇಳಿದೆ, ಸೆಲ್ವಿ ಹೇಳಿದ್ದನ್ನೂ ಹೇಳಿದೆ. ಅವಳೂ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಮೆಟ್ಟಿಲ ಮೇಲೆ ಕುಳಿತಳು.

"ಹಂಗಾರೆ ಅಮ್ಮ, ಮಗುಗೆ ನಾ ಅಂದ್ರೆ ಗ್ರೈಂಡರಾ?"

ಅವಳು ಪರೀಕ್ಷೆಯ ಬಗ್ಗೆ ಒಂದು ಮಾತೂ ಆಡದೆ ಮೇಲೆ ಹೋಗಿ ಮಗುವನ್ನು ಪಕ್ಕಕ್ಕೆ ಹಾಕಿಕೊಂಡು ಮಲಗಿದಳು. ಸಂಜೆಯ ತಿಂಡಿಗೆ ಏಳಲಿಲ್ಲ. ಎಬ್ಬಿಸಲು ಅಳಿಯ ಮೇಲೆ ಬಂದರು, ಬಾಗಿಲಿಂದಲೇ ತಿರುಗಿ ಹೋದರು.

ಮರುದಿನ ಅವಳು ಗಂಡನಿಗೆ ಹೇಳಿದಳು, ಮಂಗಳವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ಮೆಸ್ಸು ಮುಚ್ಚಬೇಕು. ತಮ್ಮ ಅಪ್ಪನ ಕಾಲದಿಂದ ವಾರದ ರಜೆ ಎಂಬುದಿಲ್ಲ, ಗಿರಾಕಿ ಒಮ್ಮೆ ಪಕ್ಕದ ಮೆಸ್ಸಿಗೆ ಕಾಲಿಟ್ಟರೆ ತಿರುಗಿ ಬರುವುದಿಲ್ಲ ಎಂದು ಅವರು. ಎರಡು ದಿನ ಮೆಸ್ಸು ಎಂದಿನಂತೆ ನಡೆಯಿತು. ಅಳಿಯನ ಮನೆ ನೋಡಿ, ನಾನು ಮಗುವನ್ನು ಎತ್ತಿಕೊಂಡು ಟೆರೇಸಿಗೆ ಹೋಗುತ್ತಿದ್ದೆ. ಮೂರನೆಯ ದಿನ ಸುಮನಾ ಗಂಡನಿಗೆ ಹೇಳಿದಳು.

"ಹೋಪವ್ರ್ ಹೋಗ್ಲಿ. ನಂಗೆ ಮನಿಕಣ್ಕ್."

ಅವಳು ಜಗಳವಾಡಿದ್ದರೆ ಅವರೂ ಆಡುತ್ತಿದ್ದರು. ಮಲಗಬೇಕು ಎಂಬುದಕ್ಕೆ ಏನು ಉತ್ತರ ಕೊಡುತ್ತಾರೆ? ಮುಂದಿನ ಮಂಗಳವಾರ ಷಟರ್ ಎಳೆದರು. ಎಳೆದ ಮೇಲೆ ಇಬ್ಬರಿಗೂ ಏನು ಮಾಡುವುದೆಂದು ತಿಳಿಯಲಿಲ್ಲ. ಅಳಿಯ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು. ಸುಮನಾ ಮಲಗಿ ಎದ್ದು, ಮಲಗಿ ಎದ್ದು, ಕೊನೆಗೆ ಮಗುವಿನ ಉಗುರು ಕತ್ತರಿಸುತ್ತಾ ಕುಳಿತಳು. ಸುಮ್ಮನಿರುವುದನ್ನೂ ಅವರು ಮೆಲ್ಲ ಮೆಲ್ಲ ಕಲಿಯಬೇಕಾಯಿತು. ಲಾಡ್ಜಿನ ಹಳೆಯ ಗಿರಾಕಿಗಳು ಗೊಣಗಿದರು, ಬುಧವಾರ ತಿರುಗಿ ಬಂದರು. ಪರೀಕ್ಷೆಯಲ್ಲಿ ಮಗಳು ಪಾಸಾದಳು. ಆ ದಿನ ನಾನು ಮಗಳ ಜೊತೆ ಗಲ್ಲಿಯ ಎಲ್ಲ ಮನೆಗೂ ಹೋಗಿ ಸಕ್ಕರೆ ಹಂಚಿದೆ. ಹೇಳಲು ತಮಿಳು ಬಾರದು, ಮಗಳ ಕಡೆ ಬೆರಳು ತೋರಿಸಿದ್ದೇ ಸಾಕಾಯಿತು.

ಮೂರು ತಿಂಗಳಿಗೆಂದು ಬಂದವಳು ನಾನು. ಮೊಮ್ಮಗಳಿಗೆ ಈಗ ಒಂಬತ್ತು ತಿಂಗಳು. ಕೋಟೇಶ್ವರದಿಂದ ಮಗ ಫೋನು ಮಾಡಿ ಟಿಕೆಟು ಯಾವಾಗ ಮಾಡಿಸಲಿ ಎಂದು ಕೇಳುತ್ತಾನೆ. ಅಲ್ಲಿಯೂ ಒಬ್ಬ ಮೊಮ್ಮಗ ಇದ್ದಾನೆ, ಕತೆ ಹೇಳಲು ಅಜ್ಜಿ ಬೇಕು ಎನ್ನುತ್ತಾನೆ. ಬರುತ್ತೇನೆ ಎನ್ನುತ್ತೇನೆ. ಬಾಯಿ ಹೇಳುವುದು ಸುಳ್ಳಲ್ಲ, ಆದರೆ ಕೈಯಲ್ಲಿ ಈ ಮಗು ಇರುತ್ತದೆ.

ಕಳೆದ ಮಂಗಳವಾರ ಎಲ್ಲರೂ ಮರೀನಾ ಬೀಚಿಗೆ ಹೋದೆವು. ಸಂಜೆಯಾಗುತ್ತಿತ್ತು. ಸಾವಿರ ಜನ ನೀರಿನ ಕಡೆ ಮುಖ ಮಾಡಿ ಕುಳಿತಿದ್ದರು. ನಾನೊಬ್ಬಳೇ ರಸ್ತೆಯ ಕಡೆಗೆ ಕುಳಿತಿದ್ದೆ. ಸಮುದ್ರ ಈ ಬದಿಗೆ ಅಮ್ಮ ಎಂದು ಸುಮನಾ ನಕ್ಕಳು. ಗೊತ್ತಿದೆ. ಹುಟ್ಟಿದ್ದೇ ಕಡಲ ಬದಿಯಲ್ಲಿ. ಆದರೆ ನಮ್ಮಲ್ಲಿ ಸಂಜೆ ಕಡಲಿಗೆ ಹೋಗುವುದು ಸೂರ್ಯ ನೀರಿಗೆ ಇಳಿಯುವುದನ್ನು ನೋಡಲು. ಇಲ್ಲಿ ಅವನು ಕಟ್ಟಡಗಳ ಹಿಂದೆ ಮುಳುಗುತ್ತಾನೆ, ನೀರು ಮೊದಲು ಕಪ್ಪಾಗುತ್ತದೆ. ನನ್ನ ಕುತ್ತಿಗೆ ತಾನಾಗಿಯೇ ಅತ್ತ ತಿರುಗಿತ್ತು. ಮೊಮ್ಮಗಳು ನನ್ನ ಭುಜದ ಮೇಲಿಂದ ಇಣುಕಿ, ಎರಡೂ ಕೈ ಬೀಸಿ ಅಲೆಗಳನ್ನು ಕರೆಯುತ್ತಿದ್ದಳು. ಅವಳಿಗೆ ಕಡಲೆಂದರೆ ಸೂರ್ಯ ಹುಟ್ಟುವ ಜಾಗ. ನಾನು ಹಾಗೇ ಕುಳಿತಿದ್ದೆ, ಮುಖ ನಮ್ಮ ಊರಿನ ಕಡೆಗೆ, ಮಗುವಿನ ಭಾರ ಎದೆಯ ಮೇಲೆ.